ಸುಂಕಮ್ಮ ಬಿಟ್ಟುಕೊಟ್ಟ ಕುರ್ಚಿ

ಅಳುವ ಹೆಂಗಸೊಬ್ಬಳು ಬೇಕು ಎಂದು ಫೋನ್ ಬಂದಾಗ ನಾನು ಕೊಟ್ಟೂರಿನ ನನ್ನ ಗೋದಾಮಿನಲ್ಲಿ ಅರಮನೆಯ ಪರದೆಗೆ ತೇಪೆ ಹಾಕಿಸುತ್ತಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಆಡುವವರಿಗೆ ಸೀನರಿ, ಲೈಟು, ಡ್ರೆಸ್ಸು ಬಾಡಿಗೆಗೆ ಕೊಡುವುದು ನನ್ನ ಕಸುಬು. ಹೆಣ್ಣುಪಾತ್ರಕ್ಕೆ ಕಲಾವಿದೆಯರನ್ನು ಗೊತ್ತು ಮಾಡಿಕೊಡುವವನೂ ನಾನೇ. ಸೀನರಿ ತಿಪ್ಪೇಶ ಎಂದರೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಗೊತ್ತು. ಹಾಡುವವರು ಬೇಕು, ಕುಣಿಯುವವರು ಬೇಕು ಎಂದು ಕೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಬರೀ ಅಳುವವರು ಸಾಕು ಅಂದವರು ಇವರೇ ಮೊದಲು.

“ಯಾವ ನಾಟಕ ರೀ?” ಅಂದೆ.

“ನಾಟಕ ಅಲ್ಲ ಸರ್, ಡಾಕ್ಟರ್‌ಗಳಿಗೆ ಟ್ರೈನಿಂಗು,” ಅಂದಳು ಆ ಕಡೆಯ ಹುಡುಗಿ. ಹೆಸರು ಚಂದನಾ, ಬೆಂಗಳೂರಿನ ಕಡೆಯವಳು. ರೋಗಿಗಳಿಗೆ ಕೆಟ್ಟ ಸುದ್ದಿ ಹೇಗೆ ಹೇಳಬೇಕು, ಅವರು ಅತ್ತರೆ ಏನು ಮಾಡಬೇಕು, ರೇಗಿದರೆ ಏನು ಮಾಡಬೇಕು ಎಂದು ನಮ್ಮ ಐದೂ ತಾಲ್ಲೂಕುಗಳ ಖಾಸಗಿ ಡಾಕ್ಟರುಗಳಿಗೆ ಕಲಿಸಲು ಬಂದವಳು. ಊರಿಗೊಂದು ದಿನ. ಕುರ್ಚಿಯಲ್ಲಿ ಒಬ್ಬ ಸುಳ್ಳು ರೋಗಿ ಕೂರಬೇಕು, ಎದುರು ನಿಜವಾದ ಡಾಕ್ಟರು ಕೂತು ಮಾತಾಡಿ ರೂಢಿ ಮಾಡಿಕೊಳ್ಳಬೇಕು. ನನಗೆ ನಗು ಬಂತು. ಆದರೆ ಅಳುವುದು ಅಂದಮೇಲೆ ನನಗೆ ಇನ್ನೊಂದು ಹೆಸರು ಹೊಳೆಯುವುದೇ ಇಲ್ಲ. ಕೋಗಳಿಯ ಸುಂಕಮ್ಮನಿಗೆ ಫೋನ್ ಹಚ್ಚಿದೆ.

ಸುಂಕಮ್ಮ ಹುಟ್ಟಿದ್ದು ಹಿರೇಹಡಗಲಿಯಲ್ಲಿ. ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುವ ವಯಸ್ಸಿನಲ್ಲಿ ಇವಳು ನಾಟಕ ಕಂಪನಿಯೊಂದರ ಟೆಂಟು ಸೇರಿದಳು. ಓದು ಬರಹ ಹತ್ತಲಿಲ್ಲ. ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರು ಒಮ್ಮೆ ಬಾಯಲ್ಲಿ ಹೇಳಿಕೊಟ್ಟರೆ ಸಾಕು, ಮಾತು, ಹಾಡು ಎರಡೂ ಅವಳದಾಗುತ್ತಿದ್ದವು. ಮೊದಲು ನಾಯಕಿಯಾದಳು. ಕೆನ್ನೆ ಇಳಿದಂತೆ ನಾಯಕಿಯ ತಾಯಿಯಾದಳು. ಕೊನೆಗೆ ಸೊಸೆಯನ್ನು ಗೋಳಾಡಿಸುವ ಅತ್ತೆಯಾದಾಗ ಅವಳ ಹೆಸರು ನಿಜವಾಗಿ ಮೇಲೆದ್ದಿತು. ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ಬಂದು ಇವಳ ಮೇಲೆ ಚಪ್ಪಲಿ ಎಸೆದಿದ್ದಳು. ಸುಂಕಮ್ಮ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟಳು. ಅವಳ ಬಾಯಿ ಮಾತ್ರ ಭಾರೀ ಜೋರು. ಪರದೆ ತಡವಾಗಿ ಬಿದ್ದರೆ ನನ್ನ ವಂಶವನ್ನೇ ಜಾಲಾಡಿಬಿಡುತ್ತಿದ್ದಳು. ಕಣ್ಣಿಗೆ ಗ್ಲಿಸರಿನ್ ಹಚ್ಚಿದವಳಲ್ಲ. ಜನರನ್ನೆಲ್ಲ ಬಿಕ್ಕಳಿಸುವಂತೆ ಅತ್ತು, ಒಳಗೆ ಬಂದು, ಚಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡು, “ಆತು, ಮುಂದಿಂದು” ಅನ್ನುವಳು. ಅಷ್ಟೇ.

ಈಗ ಕಂಪನಿ ಇಲ್ಲ. ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಹಳ್ಳಿ ನಾಟಕ. ಡಾಕ್ಟರುಗಳ ಮುಂದೆ ಅಳಬೇಕಂತೆ ಎಂದಾಗ ಅವಳು, “ಏನೋ ತಿಪ್ಪೇಶಾ, ಅವರ ಮುಂದ ಪುಗಸಟ್ಟೆ ಅಳಾಕ ಊರಮಂದಿ ಸಾಲದಾಗ್ಯಾರೇನು?” ಅಂದಳು. ಆದರೂ ಬಂದಳು.

ಮೊದಲ ದಿನ ಕೂಡ್ಲಿಗಿಯಲ್ಲಿ. ಒಂದು ಕಲ್ಯಾಣಮಂಟಪದ ಮೇಲಂತಸ್ತಿನ ಹಾಲ್. ಚಹಾ, ಬಿಸ್ಕತ್ತು, ಗೋಡೆಯ ಮೇಲೆ ಬಿಳಿ ಪರದೆ. ನಾನು ಸುಳ್ಳು ಯಾಕೆ ಹೇಳಲಿ, ಪಾಠವೇನೂ ಕೆಟ್ಟದ್ದಲ್ಲ. ನಿಂತು ಮಾತಾಡಬೇಡಿ, ಕೂತು ಮಾತಾಡಿ. ಮುಖ ನೋಡಿ. ಮೊಬೈಲ್ ಒಳಗಿಡಿ. ತಿಳಿಯುವ ಮಾತಲ್ಲಿ ಹೇಳಿ. ಅವರು ಅತ್ತರೆ ಸುಮ್ಮನಿರಿ, ನೀರು ಕೊಡಿ. ತಪ್ಪು ನಿಮ್ಮದಾದರೆ ತಪ್ಪಾಯಿತು ಅನ್ನಿ. ಇಷ್ಟನ್ನು ಓದಿದ ದೊಡ್ಡ ಮನುಷ್ಯರಿಗೆ ಪರದೆ ಮೇಲೆ ಬರೆದು ತೋರಿಸಬೇಕಾಯಿತಲ್ಲ ಎಂದೇ ನನಗೆ ಮೊದಲು ಹೇಸಿಗೆಯಾದದ್ದು. ಒಬ್ಬರು ಭುಜದ ಮೇಲೆ ಕೈ ಇಡುವುದನ್ನು ಪಕ್ಕದವರ ಭುಜದ ಮೇಲೆ ಇಟ್ಟು ಇಟ್ಟು ನೋಡುತ್ತಿದ್ದರು. ಇನ್ನೊಬ್ಬರು ಎದ್ದು, “ತಪ್ಪಾಯ್ತು ಅಂದ್ರೆ ಕೇಸ್ ಹಾಕಲ್ವಾ ಮೇಡಮ್?” ಅಂದರು. ಚಂದನಾ ನಗುತ್ತ, “ಚೆನ್ನಾಗಿ ಹೇಳಿದ್ರೆ ಗಲಾಟೆ ಕಮ್ಮಿ ಆಗುತ್ತೆ ಸರ್, ನೋಡಿ ಬೇಕಾದ್ರೆ,” ಅಂದಳು. ಎಲ್ಲರೂ ಅದನ್ನು ಬರೆದುಕೊಂಡರು. ಅಷ್ಟು ಹೊತ್ತಿನಲ್ಲಿ ಅವರು ಪೆನ್ನು ಮುಟ್ಟಿದ್ದು ಆ ಒಂದು ಮಾತಿಗೆ.

ಆಮೇಲೆ ಅವರವರ ಅನುಭವದಲ್ಲಿ ನಡೆದ ಒಂದು ತಪ್ಪನ್ನು, ಹೆಸರು ಹೇಳದೆ, ಆಡಿ ತೋರಿಸಿ ಎಂದಳು. ಮೊದಲು ಎದ್ದವರು ಡಾಕ್ಟರ್ ಅರುಣಕುಮಾರ್. ಹಗರಿಬೊಮ್ಮನಹಳ್ಳಿಯಲ್ಲಿ ಹೆರಿಗೆ ಆಸ್ಪತ್ರೆ ಇಟ್ಟವರು. ಆಸ್ಪತ್ರೆಯ ಹೆಸರು ನನ್ನ ಬಾಯಲ್ಲಿ ಬೇಡ. ಕೂಸು ಕಳಕೊಂಡ ತಾಯಿಯಾಗಿ ಸುಂಕಮ್ಮ ಕುರ್ಚಿಯಲ್ಲಿ ಕೂತಳು. ಸಾಹೇಬರು ಎದುರು ಕೂತು ಶುರು ಮಾಡಿದರು.

“ಅಮ್ಮಾ, ನಿಮಗೆ ಒಂದು ಕಷ್ಟದ ವಿಷಯ ಹೇಳಬೇಕು. ಕೂಸಿನ ಎದೆಬಡಿತ ಇಳೀತಾ ಇದೆ ಅಂತ ಸಿಸ್ಟರ್ ನನಗೆ ಫೋನ್ ಮಾಡಿದ್ರು. ನಾನು ಒಂದು ಗೃಹಪ್ರವೇಶದಲ್ಲಿದ್ದೆ. ಕೂಡಲೇ ಎದ್ದು ಬರಬೇಕಿತ್ತು, ಊಟ ಮುಗಿಸಿ ಬಂದೆ. ಬೇಗ ಆಪರೇಷನ್ ಮಾಡಿದ್ರೆ ಕೂಸು ಉಳೀತಿತ್ತು. ತಪ್ಪು ನನ್ನದು.”

ಸುಂಕಮ್ಮ ಅಳಲು ಹಿಡಿದಳು. ಸಾಹೇಬರಿಗೆ ಹುರುಪು ಬಂತು. ಮುಂದುವರಿಸಿದರು: “ನೀವು ಹೊಟ್ಟೆ ಮೇಲೆ ಮೈಲಾರಲಿಂಗನ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದಿದ್ರಿ. ಅದನ್ನ ಒರೆಸು ಅಂತ ಸಿಸ್ಟರ್ ಹೇಳಿದ್ರು, ನೀವೇ ಒರೆಸಿದ್ರಿ. ಅದಕ್ಕೇ ಹಿಂಗಾಯ್ತು ಅಂತ ನೀವು ಅಂದುಕೊಂಡಿದೀರಿ. ಹಾಗಲ್ಲಮ್ಮಾ. ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ.”

ಸುಂಕಮ್ಮನ ಅಳು ಅಲ್ಲಿಗೇ ನಿಂತಿತು. ಇಷ್ಟು ವರ್ಷದಲ್ಲಿ ಅವಳು ರಂಗದ ಮೇಲೆ ಮಾತು ಮರೆತದ್ದನ್ನೂ, ಅಳು ನಿಲ್ಲಿಸಿದ್ದನ್ನೂ ನಾನು ಕಂಡಿರಲಿಲ್ಲ. ಬಾಯಿ ತೆರೆದುಕೊಂಡು ಆ ಮನುಷ್ಯನನ್ನೇ ನೋಡುತ್ತ ಕೂತಳು. ಅದನ್ನೂ ಆಟವೆಂದೇ ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಚಂದನಾ, “ಎಕ್ಸಲೆಂಟ್ ಸರ್! ಆ ಅರಿಶಿನದ ಪಾಯಿಂಟ್ ತುಂಬಾ ಚೆನ್ನಾಗಿತ್ತು. ಅವರ ನಂಬಿಕೇನ ಗೌರವಿಸಿದ್ರಿ,” ಅಂದಳು. ಮಿಕ್ಕ ಊರುಗಳಲ್ಲೂ ಸಾಹೇಬರೇ ಬಂದು ಇದನ್ನೇ ಮಾದರಿಯಾಗಿ ಆಡಿ ತೋರಿಸಬೇಕು ಎಂದು ಅಲ್ಲೇ ಗೊತ್ತಾಯಿತು.

ಸುಂಕಮ್ಮನಿಗೆ ಅರ್ಥವಾದದ್ದೇನೆಂದು ಹೇಳಬೇಕು. ಕೋಗಳಿಯಲ್ಲಿ ಬಸದಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗೋಡೆಗೆ ಗೋಡೆ ಹತ್ತಿದ ಮನೆ ಎರ್ರೆಮ್ಮನದು. ಎರ್ರೆಮ್ಮನ ಮಗ ಹುಲುಗೇಶ, ಸೊಸೆ ಮಾಲಾ. ಹೋದ ಶ್ರಾವಣದಲ್ಲಿ ಮಾಲಾಳಿಗೆ ನೋವು ಬಂದಾಗ ಅವಳ ಹೊಟ್ಟೆಗೆ ಭಂಡಾರ ಬಳಿದು ಇವರದೇ ಆಸ್ಪತ್ರೆಗೆ ಕರೆದೊಯ್ದವಳು ಎರ್ರೆಮ್ಮನೇ. ಒಳಗೆ ಒಯ್ಯುವ ಮುಂಚೆ ನರ್ಸು ಒದ್ದೆ ಬಟ್ಟೆ ಕೊಟ್ಟಳು, ಮಾಲಾ ಒರೆಸಿಕೊಂಡಳು, ಕೂಸು ಸತ್ತು ಹುಟ್ಟಿತು. ದೇವರ ಭಂಡಾರವನ್ನು ತನ್ನ ಕೈಯಾರೆ ಒರೆಸಿದಳಲ್ಲ, ಅದಕ್ಕೇ ಹೀಗಾಯಿತು ಎಂದು ಎರ್ರೆಮ್ಮ ಆಸ್ಪತ್ರೆಯ ವರಾಂಡದಲ್ಲೇ ಎದೆ ಎದೆ ಬಡಿದುಕೊಂಡಳು. ಈ ಅರುಣಕುಮಾರ್ ಅಲ್ಲೇ ನಿಂತಿದ್ದರಂತೆ. ಏನಂದರು ಗೊತ್ತೇ? “ಹೂಂ” ಅಂದರು. ತಲೆಯಾಡಿಸಿ ಒಳಗೆ ಹೋದರು.

ಅಂದಿನಿಂದ ಮೈಲಾರಲಿಂಗನ ವಾರವಾದ ಭಾನುವಾರದ ದಿನ ಮಾಲಾ ಒಲೆ ಮುಟ್ಟುವಂತಿಲ್ಲ. ದೇವರ ಗೂಡಿನ ಕಡೆ ಹಾಯುವಂತಿಲ್ಲ. ಓಣಿಯ ಬಸುರಿಯರು ಅವಳು ಎದುರಾದರೆ ಸೆರಗು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಾರೆ. ಈಗ ಅವಳನ್ನು ತವರಿಗೆ ಕಳಿಸಿ ಹುಲುಗೇಶನಿಗೆ ಬೇರೆ ಹೆಣ್ಣು ತರುವ ಮಾತು ನಡೆದಿತ್ತು. ಹುಲುಗೇಶ ಬೇಡವೆಂದೂ ಅನ್ನದೆ, ಹೂಂ ಎಂದೂ ಅನ್ನದೆ ತಟ್ಟೆಗೆ ಮುಖ ಹಾಕಿ ಉಣ್ಣುತ್ತಿದ್ದ. ಮಾಲಾ ತಾನೂ ಅದನ್ನೇ ನಂಬಿದ್ದಳು. ಒಂದು ಸಲ ಗೋಡೆಯ ಈಚೆ ಬಂದು, “ಸುಂಕಮ್ಮತ್ತಿ, ಈ ಕೈ ಕಡದು ಒಗದುಬಿಡಬೇಕು ಅನ್ನಿಸ್ತತಿ” ಅಂದಿದ್ದಳಂತೆ.

ಚಹಾದ ಹೊತ್ತಿಗೆ ಸುಂಕಮ್ಮ ನೆಟ್ಟಗೆ ಡಾಕ್ಟರ ಮುಂದೆ ಹೋಗಿ ನಿಂತಳು. ನಾನು ಹಿಂದೆಯೇ ಇದ್ದೆ.

“ಸಾಹೇಬ್ರ, ನನಗ ಹೇಳಿದ ಮಾತನ್ನ ಆ ತಾಯಿಗೂ ಹೇಳಿದ್ರೇನ್ರಿ?”

“ಯಾವ ತಾಯಿ?”

“ಕೂಸು ಹೋದಾಕಿ.”

“ಅಯ್ಯೋ, ಅದು ಮುಗಿದ ಕಥೆ ಅಮ್ಮಾ. ದೇವರ ಸಿಟ್ಟು ಅಂತ ಅವರೇ ಒಪ್ಕೊಂಡು ಹೋದ್ರು. ಜನರ ನಂಬಿಕೆಗೆ ನಾವು ಅಡ್ಡ ಬರಬಾರದು.” ಹೀಗಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಅದು ಮುರಿದು ಒಳಗೆ ಬಿತ್ತು. ಚಮಚ ಕೇಳಿದರು.

ಸುಂಕಮ್ಮ ಮೆಟ್ಟಿಲು ಇಳಿದು ಬೀದಿಗೆ ಬಂದು ಕ್ಯಾಕರಿಸಿ ಉಗುಳಿದಳು. “ಥೂ! ನಾ ಇಷ್ಟು ವರ್ಷ ಬಣ್ಣ ಹಚ್ಚೀನಿ ತಿಪ್ಪೇಶಾ. ಇಂಥಾ ಹೊಲಸು ಪಾತ್ರ ಯಾವ ಮಾಸ್ತರನೂ ಬರದಿಲ್ಲ. ಆಕಿ ಕೇಳಬೇಕಾದ ಮಾತು ನನ್ನ ಕಿವ್ಯಾಗ ಹಾಕ್ಯಾನಲ್ಲೋ. ನಾ ಯಾರು ಅದನ್ನ ಕೇಳಾಕ?” ತಪ್ಪಾಯಿತು ಅನ್ನಲು ಬಾರದವನಾಗಿದ್ದರೆ ಒಂದು ಮಾತು. ಇಷ್ಟು ಚಂದಾಗಿ ಅನ್ನಲು ಬರುತ್ತದೆ, ಅನ್ನಬೇಕಾದವಳಿಗೆ ಮಾತ್ರ ಅನ್ನುವುದಿಲ್ಲ.

ಅಂದು ಸಂಜೆಯೇ ಇಬ್ಬರೂ ಎರ್ರೆಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ಎರ್ರೆಮ್ಮ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. “ನಾಟಕದಾಕಿ ಮಾತು ನಂಬಿ ನಾ ದೇವ್ರನ್ನ ಬಿಡ್ಲೇನು? ಅಳೋದು ನಗೋದು ಎಲ್ಲಾ ಸುಳ್ಳ ಮಾಡಿ ಉಂಡಾಕಿ ನೀನು. ನಡಿ ನಡಿ,” ಅಂದಳು. ಸುಂಕಮ್ಮನ ಮುಖ ಕಪ್ಪಿಟ್ಟಿತು. ಬಾಯಿಗೆ ಬಾಯಿ ಕೊಡುವ ಹೆಂಗಸು ಅಂದು ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಬಾಗಿಲ ಬಳಿ ನಿಂತಿದ್ದ ಮಾಲಾ ನಮ್ಮ ಹಿಂದೆ ಓಣಿಯವರೆಗೆ ಬಂದಳು. ಸಣ್ಣ ದನಿಯಲ್ಲಿ ಕೇಳಿದಳು, “ಅವರು ಇನ್ನೊಮ್ಮೆ ಹೇಳ್ತಾರೇನತ್ತಿ?”

“ಹರಪನಹಳ್ಳ್ಯಾಗ ಹೇಳ್ತಾನ. ಊರೂರಿಗೂ ಹೇಳ್ಕೋತ ಹೊಂಟಾನ.”

“ಹಂಗಾದ್ರ ಆ ಕುರ್ಚ್ಯಾಗ ನಾನಾ ಕೂಡ್ತೀನಿ.”

ಬೇಡ ತಾಯಿ, ಅಷ್ಟು ಜನರ ಮುಂದೆ ಅಂದೆ. ಸುಂಕಮ್ಮ ನನ್ನನ್ನು ತಳ್ಳಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. “ಬಿದ್ದು ಹೊಳ್ಳಾಡಿದ್ರೂ ಚಿಂತಿಲ್ಲ. ಕೇಳೂದೆಲ್ಲ ಕೇಳಿ ಎದ್ದು ಬಾ,” ಅಂದಳು.

ಕೊಟ್ಟೂರಿನಲ್ಲೂ ಹಡಗಲಿಯಲ್ಲೂ ಸುಂಕಮ್ಮನೇ ಕೂತಳು. ಎರಡೂ ಕಡೆ ಅದೇ ಆಟ. ಸಾಹೇಬರ ದನಿ ಒಂದೊಂದು ಊರಿಗೂ ಇನ್ನಷ್ಟು ಮೆತ್ತಗಾಯಿತು, ಗೃಹಪ್ರವೇಶದ ಊಟದ ಹತ್ತಿರ ಬಂದಾಗ ಒಂದು ನಿಟ್ಟುಸಿರು ಸೇರಿತು. ಹಡಗಲಿಯಲ್ಲಿ ಆಟ ಮುಗಿದ ಮೇಲೆ ಸುಂಕಮ್ಮ ಚಂದನಾಳಿಗೆ, “ಮೇಡಮ್ಮೋರ, ನನ್ನ ಮಾರಿ ಎಲ್ಲಾರಿಗೂ ಹಳೇದಾತು. ಹರಪನಹಳ್ಳಿಗೆ ಪ್ರಾಯದ ಹೆಣ್ಣುಮಗಳನ್ನ ಕರಕೊಂಡು ಬರ್ತೀನಿ, ಜೊತಿಗೆ ಆಕಿ ಅತ್ತೀನೂ ಇರ್ತಾಳ,” ಅಂದಳು. ಚಂದನಾ ಕುಣಿದಳು. “ಅತ್ತೆ ಕ್ಯಾರೆಕ್ಟರಾ? ಸೂಪರ್!”

ಎರ್ರೆಮ್ಮನನ್ನು ಒಪ್ಪಿಸಿದ್ದು ಮಾಲಾ. “ಸುಂಕಮ್ಮತ್ತಿ ಸುಳ್ಳು ಹೇಳ್ಯಾಳೋ ಖರೇ ಹೇಳ್ಯಾಳೋ ನೀವಾ ಬಂದು ಕೇಳ್ರಿ. ಸುಳ್ಳಾದ್ರ ಅಲ್ಲಿಂದಾನಾ ತವರಿಗೆ ಹೊಕ್ಕೀನಿ,” ಅಂದಳಂತೆ. ಎರ್ರೆಮ್ಮ ಒಳ್ಳೆಯ ಸೀರೆ ಉಟ್ಟು, ಭಂಡಾರದ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಸುಂಕಮ್ಮನ ಮಾನ ಕಳೆಯಲೆಂದೇ ಬಸ್ಸು ಹತ್ತಿದಳು.

ಹರಪನಹಳ್ಳಿಯ ಹಾಲ್ ತುಂಬಿತ್ತು. ಮಾಲಾ ಕುರ್ಚಿಯಲ್ಲಿ ಕೂತಳು. ಎರ್ರೆಮ್ಮ ಹಿಂದೆ ನಿಂತಳು. ಡಾಕ್ಟರ್ ಅರುಣಕುಮಾರ್ ಬಂದು ಎದುರು ಕೂತರು, ಮೊಬೈಲು ಒಳಗಿಟ್ಟರು, ಪಾಠದಲ್ಲಿ ಹೇಳಿದಂತೆ ಮಾಲಾಳ ಮುಖ ನೋಡಿದರು. ಮುಖಕ್ಕೆ ಮುಖ ಕೊಟ್ಟು, ಕಣ್ಣು ಕದಲಿಸದೆ, ತುಂಬಾ ಹೊತ್ತು ನೋಡಿದರು. ಗೋಡೆಗೆ ಆತು ನಿಂತಿದ್ದ ನಾನು ಅಂದುಕೊಂಡೆ, ಈಗ ಗುರುತು ಸಿಕ್ಕಿತು, ಈಗ ಎದ್ದು ಹೋಗುತ್ತಾರೆ ಎಂದು. ಅವರು ಎದ್ದು ಹೋಗಲಿಲ್ಲ. “ಅಮ್ಮಾ, ನಿಮಗೆ ಒಂದು ಕಷ್ಟದ ವಿಷಯ ಹೇಳಬೇಕು,” ಅಂದರು.

ಫೋನ್ ಬಂದದ್ದು, ಗೃಹಪ್ರವೇಶ, ಊಟ, ನಿಟ್ಟುಸಿರು, ಆಪರೇಷನ್ನು, ಎಲ್ಲ ಸಾಲಾಗಿ ಬಂದವು. ಮಾಲಾ ಅಳಲಿಲ್ಲ. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಅವರು ನಿಲ್ಲಿಸಿದ ಮೇಲೆ ಬಾಯಿ ಬಿಟ್ಟಳು.

“ಕೂಸು ಅತ್ತಿತ್ತೇನ್ರಿ?”

ಇದು ಅವರ ಪಾಠದಲ್ಲಿರಲಿಲ್ಲ. ಚಂದನಾಳ ಕಡೆ ನೋಡಿದರು, ಮುಂದುವರಿಸಿ ಎಂದು ಅವಳು ಕೈಸನ್ನೆ ಮಾಡಿದಳು. “ಇಲ್ಲಮ್ಮಾ. ಅಳಲಿಲ್ಲ.”

“ಭಂಡಾರ ಹೊಟ್ಟಿ ಮ್ಯಾಲೇ ಇದ್ದಿದ್ರ ಉಳೀತಿತ್ತೇನ್ರಿ?”

“ಇಲ್ಲಮ್ಮಾ. ಭಂಡಾರಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ನಾನು ಹೊತ್ತಿಗೆ ಸರಿಯಾಗಿ ಬಂದಿದ್ರೆ ಉಳೀತಿತ್ತು.” ಹೀಗಂದು ಭುಜದ ಮೇಲೆ ಕೈಯಿಟ್ಟರು, ನೀರಿನ ಲೋಟ ಮುಂದೆ ಸರಿಸಿದರು. ಇಡೀ ಹಾಲ್ ಚಪ್ಪಾಳೆ ತಟ್ಟಿತು.

ಚಂದನಾ ಮುಂದೆ ಬಂದಳು. “ಸರ್, ಇವತ್ತು ಬೆಸ್ಟ್! ಮೇಡಮ್, ನೀವು ಮಾತ್ರ ಸ್ವಲ್ಪ ಎಮೋಷನ್ ಕೊಡಬೇಕಿತ್ತು. ಮಗು ಕಳ್ಕೊಂಡ ತಾಯಿ ಹಿಂಗೆ ಸುಮ್ನೆ ಕೂತಿರಲ್ಲ ಅಲ್ವಾ?”

ನನ್ನ ಪಕ್ಕದಲ್ಲಿದ್ದ ಸುಂಕಮ್ಮ ಹಲ್ಲು ಕಡಿದ ಸದ್ದು ನನಗೆ ಕೇಳಿಸಿತು. ಸಾಹೇಬರು ದೊಡ್ಡ ಮನಸ್ಸು ಮಾಡಿ, “ಇರ್ಲಿ ಬಿಡಿ, ಹೊಸಬರು, ಕಲೀತಾರೆ,” ಅಂದರು. ಮಾಲಾಳ ಕಡೆ ತಿರುಗಿ, “ಯಾವ ಕಂಪನಿ ಅಮ್ಮಾ ನಿಮ್ಮದು?” ಅಂದರು.

“ಕಂಪನಿ ಇಲ್ಲರೀ,” ಅಂದಳು ಮಾಲಾ. “ಕೋಗಳಿ ನಮ್ಮದು. ಹೋದ ಶ್ರಾವಣದಾಗ ನಿಮ್ಮ ಆಸ್ಪತ್ರ್ಯಾಗ ಹಡದಾಕಿ ನಾನು.”

ಮೊದಲು ಯಾರಿಗೂ ತಿಳಿಯಲಿಲ್ಲ. ಒಬ್ಬಿಬ್ಬರು ಇನ್ನೂ ಆಟ ನಡೆದಿದೆ ಎಂದು ನಕ್ಕರು. ಸಾಹೇಬರಿಗೆ ತಿಳಿಯಿತು. ಕೈ ತಾನಾಗಿಯೇ ನೀರಿನ ಲೋಟದ ಕಡೆ ಹೋಗಿ ಅದನ್ನು ಇನ್ನಷ್ಟು ಮುಂದಕ್ಕೆ ಸರಿಸಿತು. ಆಮೇಲೆ ಬಂದ ಮಾತು ಕೇಳಿ: “ನೋಡಮ್ಮಾ, ಇದು ತರಬೇತಿ. ಇಲ್ಲಿ ಹೇಳೋದೆಲ್ಲ ನಿಜ ಅಲ್ಲ.”

ತನ್ನ ತಪ್ಪನ್ನು ಮೂರೂರು ಸುತ್ತಿ ಒಪ್ಪಿಕೊಂಡವನು, ಯಾರ ಮುಂದೆ ಒಪ್ಪಿಕೊಳ್ಳಬೇಕೋ ಅವಳು ಸಿಕ್ಕ ಕೂಡಲೇ ತಿರುಗಿಬಿದ್ದ. ಕೊಳೆತದ್ದನ್ನು ಮೆಟ್ಟಿದಂತಾಯಿತು ನನಗೆ. ಆಗ ಎರ್ರೆಮ್ಮ ಕುರ್ಚಿಯ ಹಿಂದಿನಿಂದ ಮುಂದೆ ಬಂದಳು.

“ನಿಜ ಅಲ್ಲೇನ್ರಿ? ನಾ ಬಳದ ಭಂಡಾರದ ಮಾತು ನಿಮಗ ಹೆಂಗ ಬಂತು ಮತ್ತ? ಅವತ್ತು ನಾ ವರಾಂಡದಾಗ ಸೊಸಿನ್ನ ಬಾಯಿಗೆ ಬಂದಂಗ ಬಯ್ಯಾಕತ್ತಿದ್ದೆ, ನೀವು ನಿಂತು ಕೇಳಿದ್ರಿ. ಹೂಂ ಅಂದ್ರಿ. ಹೂಂ ಅನ್ನಾಕ ಬಂತಲ್ಲ, ಊಹೂಂ ಅನ್ನಾಕ ಯಾಕ ಬರಲಿಲ್ಲ?”

ಹಿಂದಿನ ಸಾಲಿನಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಮುಖ ಮುಚ್ಚಿಕೊಂಡು ಕೂತಿದ್ದಳು. ಮಿಕ್ಕವರು ಮೊಬೈಲು ನೋಡತೊಡಗಿದರು. ಸುಂಕಮ್ಮ ಹೋಗಿ ಮಾಲಾಳ ರಟ್ಟೆ ಹಿಡಿದು ಎಬ್ಬಿಸಿದಳು. “ಏಳವ್ವಾ. ಕೇಳಿದ್ದಾತು,” ಅಂದಳು. ಲೋಟದ ನೀರನ್ನು ಯಾರೂ ಮುಟ್ಟಲಿಲ್ಲ.

ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಕೂತಿದ್ದಾಗ ನನ್ನ ಫೋನು ಹೊಡಕೊಂಡಿತು. ಚಂದನಾ. ಕ್ಷಮೆ ಕೇಳಲು ಇರಬೇಕು ಅಂದುಕೊಂಡೆ. “ತಿಪ್ಪೇಶ್ ಸರ್, ತುಂಬಾ ಬೇಜಾರಾಯ್ತು. ಆದ್ರೆ ಒಂದು ಮಾತು. ಇವತ್ತಾಗಿದ್ದು ತುಂಬಾ ಪವರ್‌ಫುಲ್ ಸರ್. ಅವರು ಒಪ್ಪಿದ್ರೆ, ಹೆಸರು ಬದಲಾಯಿಸಿ, ಮುಂದಿನ ಜಿಲ್ಲೆಯಲ್ಲಿ ಇದನ್ನೇ ಕೇಸ್ ಮಾಡಬಹುದಿತ್ತು. ಸುಂಕಮ್ಮ ಅವರು ಅತ್ತೆ ಪಾತ್ರ ಮಾಡ್ತಾರಾ ಕೇಳ್ತೀರಾ?” ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಫೋನ್ ಇಟ್ಟೆ. ಬಸ್ಸಿನಲ್ಲಿ ಹೆಂಗಸರಿದ್ದರು. ಸುಂಕಮ್ಮ ಏನೆಂದು ಕೇಳಲಿಲ್ಲ. ಚಂಚಿ ಅವಳ ಮಡಿಲಲ್ಲೇ ಇತ್ತು, ಬಿಚ್ಚಿರಲಿಲ್ಲ. “ಆತು, ಮುಂದಿಂದು” ಅನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ.

ನಮ್ಮ ಮುಂದಿನ ಸೀಟಿನಲ್ಲಿ ಅತ್ತೆ ಸೊಸೆ ಕೂತಿದ್ದರು. ಎರ್ರೆಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಡಾಕ್ಟರನಿಗೆ ಹಿಡಿಶಾಪ ಹಾಕುತ್ತಿದ್ದಳು. “ಮುಖಕ್ಕ ಮುಖ ಕೊಟ್ಟು ಕುಂತರೂ ಗುರುತು ಹಿಡೀಲಿಲ್ಲಲ್ಲೇ ಮುಂಡೇಗಂಡ! ಅವನ ಕಣ್ಣು ಸೇದಿ ಹೋಗ್ಲಿ. ಹುಲುಗೇಶಗ ಬ್ಯಾರೆ ಹೆಣ್ಣಿನ ಮಾತು ಇವತ್ತಿಗೆ ಮುಗೀತು, ನಾನಾ ಎಲ್ಲಾರಿಗೂ ಹೇಳ್ತೀನಿ. ಇಲ್ಲಿ ಬಾ, ಹಣಿ ಕೊಡು.” ಸೊಂಟದ ಚೀಲ ಬಿಚ್ಚಿ ಚಿಟಿಕೆ ಭಂಡಾರ ತೆಗೆದು ಸೊಸೆಯ ಹಣೆಯ ಕಡೆ ಕೈ ಚಾಚಿದಳು.

ಮಾಲಾ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನಿಲ್ಲಿಸಿದಳು. ಸಿಟ್ಟಿನಿಂದಲ್ಲ. ಅಂದು ಮೊದಲ ಸಲ ಅವಳ ಕಣ್ಣು ತುಂಬಿತ್ತು.

“ಅವ್ರು ಒಂದಾ ದಿನ ನನ್ನ ನೋಡಿದವ್ರು, ಗುರುತು ಹಿಡೀಲಿಲ್ಲ. ನೀವು ದಿನಾ ಒಂದಾ ಮನ್ಯಾಗ ನನ್ನ ಮಾರಿ ನೋಡಿದ್ರಲ್ಲ ಅತ್ತಿ. ನೀವು ಹಿಡದ್ರೇನ್ರಿ?”

ಬಸ್ಸು ತಗ್ಗಿಗೆ ಇಳಿದು ಎತ್ತಿ ಹಾಕಿತು. ಚೀಲ ಜಾರಿ ಭಂಡಾರ ಇಬ್ಬರ ಸೀರೆಯ ಮೇಲೂ ಚೆಲ್ಲಿತು. ಊರು ಬರುವವರೆಗೂ ಇಬ್ಬರೂ ಅದನ್ನು ಒರೆಸಲಿಲ್ಲ.